ಪ್ರಶಸ್ತಿ ಪಡೆದ ಹೊಸ ಪುಸ್ತಕವೋ, ತಲೆಮಾರುಗಳ ಮೆಚ್ಚಿನ ಹಳೆಯ ಪುಸ್ತಕವೋ: ಮಕ್ಕಳಿಗೆ ಕನ್ನಡ ಪುಸ್ತಕ ಆರಿಸುವ ಬಗೆ

ಏಳೆಂಟು ವರ್ಷದ ಮಗುವಿಗೆ ಒಂದು ಒಳ್ಳೆಯ ಕನ್ನಡ ಪುಸ್ತಕ ಹೇಳಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತದೆ. ಹಿರಿಯರು ಪಂಜೆ, ರಾಜರತ್ನಂ, ಕುವೆಂಪು ಎನ್ನುತ್ತಾರೆ. ಹೊಸ ಪುಸ್ತಕಗಳ ಸುದ್ದಿ ಇಟ್ಟುಕೊಂಡವರು ಈ ವರ್ಷ ಬಾಲ ಸಾಹಿತ್ಯ ಪುರಸ್ಕಾರ ಯಾವುದಕ್ಕೆ ಬಂತೋ ಅದರ ಹೆಸರು ಹೇಳುತ್ತಾರೆ. ಎರಡೂ ಒಳ್ಳೆಯ ಸಲಹೆಯೇ. ಆದರೆ ಈ ಎರಡು ಬಗೆಯ ಪುಸ್ತಕಗಳನ್ನು ಒಂದೇ ರೀತಿಯಲ್ಲಿ ಮಗುವಿನ ಕೈಗೆ ಕೊಟ್ಟರೆ ಒಂದಲ್ಲ ಒಂದು ಕಪಾಟು ಸೇರುತ್ತದೆ. ನಮ್ಮ ಅನುಭವದ ಮಾತು ಇಷ್ಟು: ನಮ್ಮ ಹಳೆಯ ಮಕ್ಕಳ ಸಾಹಿತ್ಯದಲ್ಲಿ ಹೆಚ್ಚಿನದು ಕಿವಿಗಾಗಿ ಬರೆದದ್ದು, ಅದನ್ನು ದೊಡ್ಡವರು ಓದಿ ಹೇಳಬೇಕು. ಈಚೆಗೆ ಪ್ರಶಸ್ತಿ ಪಡೆದವುಗಳಲ್ಲಿ ಹೆಚ್ಚಿನವು ಮಗು ಒಂದು ಮೂಲೆ ಹಿಡಿದು ತಾನೇ ಓದಿಕೊಳ್ಳುವ ಕತೆ, ಕಾದಂಬರಿಗಳು. ಆಯ್ಕೆ ಮಾಡುವಾಗ ಮೊದಲು ಕೇಳಿಕೊಳ್ಳಬೇಕಾದದ್ದು "ಇದನ್ನು ಓದುವವರು ಯಾರು, ಮಗುವೋ ನಾವೋ?" ಎಂದು. ಎಷ್ಟು ದೊಡ್ಡ ಹೆಸರು ಎಂಬುದು ಆಮೇಲಿನ ಮಾತು.

ಮೊದಲು ಮಗುವಿನ ಓದು ಎಲ್ಲಿದೆ ನೋಡಿ

ಪುಸ್ತಕದ ಹಿಂಬದಿಯಲ್ಲಿ "8ರಿಂದ 12 ವರ್ಷ" ಎಂದು ಅಚ್ಚಾಗಿದ್ದರೆ ಅದನ್ನು ನಂಬಿ ಕೊಳ್ಳಬೇಡಿ. ಕನ್ನಡ ಮಾಧ್ಯಮದಲ್ಲಿ ಓದುವ ಎಂಟರ ಹುಡುಗಿಗೂ ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಯುವ ಎಂಟರ ಹುಡುಗಿಗೂ ಓದಿನಲ್ಲಿ ಎರಡು ಮೂರು ವರ್ಷದ ಅಂತರ ಇರಬಹುದು. ಇಬ್ಬರೂ ಕತೆ ಅರ್ಥ ಮಾಡಿಕೊಳ್ಳುವುದರಲ್ಲಿ ಸರಿಸಮಾನರು. ವ್ಯತ್ಯಾಸ ಇರುವುದು ಅಕ್ಷರ ಕೂಡಿಸಿ ಓದುವ ವೇಗದಲ್ಲಿ.

ಇದನ್ನು ತಿಳಿಯಲು ಐದು ನಿಮಿಷ ಸಾಕು. ಪುಸ್ತಕದ ಮೊದಲ ಪುಟ ಬಿಡಿ, ಅದನ್ನು ಲೇಖಕರು ಬೇಕೆಂದೇ ಸುಲಭ ಮಾಡಿರುತ್ತಾರೆ. ನಡುವಿನ ಒಂದು ಪುಟ ತೆರೆದು ಸುಮಾರು ನೂರು ಪದದಷ್ಟು ಭಾಗವನ್ನು ಮಗುವಿನಿಂದ ಜೋರಾಗಿ ಓದಿಸಿ. ತಡವರಿಸಿದ ಕಡೆಯಲ್ಲೆಲ್ಲ ತಿದ್ದಲು ಹೋಗದೆ ಮನಸ್ಸಿನಲ್ಲೇ ಎಣಿಸಿಕೊಳ್ಳಿ. ಐದರೊಳಗೆ ಇದ್ದರೆ ಪುಸ್ತಕವನ್ನು ಮಗುವಿಗೇ ಬಿಟ್ಟುಬಿಡಿ. ಐದರಿಂದ ಹತ್ತು ಇದ್ದರೆ ಒಂದು ಪುಟ ನೀವು, ಒಂದು ಪುಟ ಮಗು ಎಂದು ಹಂಚಿಕೊಂಡು ಓದಿ. ಹತ್ತು ದಾಟಿದರೆ ನೀವೇ ಓದಿ ಹೇಳಿ, ಅಥವಾ ಆ ಪುಸ್ತಕವನ್ನು ಒಂದು ವರ್ಷ ಎತ್ತಿಡಿ.

ಎಣಿಸುವಾಗ ಇನ್ನೊಂದನ್ನು ಗಮನಿಸಿ. ಕನ್ನಡದಲ್ಲಿ ತಡವರಿಕೆಗೆ ಮೂರು ಕಾರಣ ಇರುತ್ತವೆ, ಮೂರಕ್ಕೂ ಪರಿಹಾರ ಬೇರೆ. ಒಂದು, ಒತ್ತಕ್ಷರ. "ಸ್ವಾತಂತ್ರ್ಯ" ಎಂಬ ಪದ ನೋಡಿ. ಮೊದಲ ಅಕ್ಷರಕ್ಕೆ ಒಂದು ಒತ್ತು, ಕೊನೆಯ ಅಕ್ಷರಕ್ಕೆ ಎರಡು ಒತ್ತು. ಅಕ್ಷರ ಸಣ್ಣದಾಗಿದ್ದು ಸಾಲುಗಳು ಒತ್ತೊತ್ತಾಗಿದ್ದರೆ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಇದು ಪುಸ್ತಕದ ಅಚ್ಚಿನ ದೋಷ, ಮಗುವಿನದಲ್ಲ. ಅದೇ ಕತೆಯ ಬೇರೆ ಮುದ್ರಣ ಹುಡುಕಿದರೆ ಸರಿಹೋಗುತ್ತದೆ. ಎರಡು, ಉದ್ದುದ್ದ ಕೂಡುಪದಗಳು. "ಹೋಗಬೇಕಾಗಿರಲಿಲ್ಲವೆಂದುಕೊಂಡು" ಎಂಬಂಥದ್ದು ಒಂದು ಪುಟದಲ್ಲಿ ನಾಲ್ಕಿದ್ದರೆ ಎರಡನೇ ತರಗತಿಯ ಮಗುವಿಗೆ ಉಸಿರು ಕಟ್ಟುತ್ತದೆ. ಇದು ಲೇಖಕರ ಶೈಲಿ, ಮುದ್ರಣ ಬದಲಾದರೂ ಹೋಗದು, ಆದ್ದರಿಂದ ಅಂಥ ಪುಸ್ತಕವನ್ನು ಓದಿ ಹೇಳುವುದೇ ಸರಿ. ಮೂರು, ಅರ್ಥ ಗೊತ್ತಿಲ್ಲದ ಪದ. ಇದಕ್ಕೆ ಹೆದರಬೇಕಾಗಿಲ್ಲ. ಪುಟಕ್ಕೆ ಮೂರು ನಾಲ್ಕು ಹೊಸ ಪದ ಇದ್ದರೇ ಮಗುವಿನ ಭಾಷೆ ಬೆಳೆಯುವುದು.

ಅಕ್ಷರದ ಗಾತ್ರವನ್ನೂ ಕಣ್ಣಳತೆಯಲ್ಲಿ ನೋಡಿ. ಆರು ಏಳು ವರ್ಷದವರಿಗೆ 18 ಪಾಯಿಂಟ್‌ಗಿಂತ ಸಣ್ಣದು ಬೇಡ, ಒಂಬತ್ತು ಹತ್ತಕ್ಕೆ 14 ಸಾಕು, ಹನ್ನೆರಡು ದಾಟಿದವರು ದೊಡ್ಡವರ ಪುಸ್ತಕದ ಅಕ್ಷರವನ್ನೇ ಓದುತ್ತಾರೆ. ಸರ್ಕಾರಿ ಶಾಲೆಗಳ ಮೊದಲ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಕಲಿಯುವ ಮಕ್ಕಳು ಅಕ್ಷರಗಳನ್ನು ಅ ಆ ಇ ಈ ಕ್ರಮದಲ್ಲಿ ಕಲಿಯುವುದಿಲ್ಲ, ರ ಗ ಸ ದ ಅ ಎಂಬ ಗುಂಪಿನಿಂದ ಶುರು ಮಾಡುತ್ತಾರೆ. ಒಂದನೇ ತರಗತಿಯ ನಡುವೆ ಅಂಥ ಮಗುವಿಗೆ ಪುಸ್ತಕ ಕೊಡುವುದಾದರೆ ಸಾಲಿಗೆ ಮೂರು ನಾಲ್ಕು ಪದ ಮೀರದ, ಒತ್ತಕ್ಷರ ಇಲ್ಲದ ಚಿತ್ರಪುಸ್ತಕವೇ ಸರಿ.

ಪ್ರಶಸ್ತಿಯ ಮುದ್ರೆಯನ್ನು ಓದುವ ಬಗೆ

ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಕೊಡಲು ಶುರು ಮಾಡಿದ್ದು 2010ರಲ್ಲಿ. ತಾಮ್ರಫಲಕದ ಜೊತೆಗೆ 50,000 ರೂಪಾಯಿ. ಕನ್ನಡಕ್ಕೆ ಮೊದಲ ವರ್ಷ ಬಂದದ್ದು ಬೋಳುವಾರು ಮಹಮದ್ ಕುಂಞಿ ಅವರ "ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ"ಗೆ, ಮರುವರ್ಷ ನಾ. ಡಿಸೋಜ ಅವರ "ಮುಳುಗಡೆಯ ಊರಿಗೆ ಬಂದವರು" ಕೃತಿಗೆ. ಈಚಿನ ವರ್ಷಗಳಲ್ಲಿ ಬಸು ಬೇವಿನಗಿಡದ ಅವರ "ಓಡಿ ಹೋದ ಹುಡುಗ" (2021), ತಮ್ಮಣ್ಣ ಬೀಗಾರ ಅವರ "ಬಾವಲಿ ಗುಹೆ" (2022), ವಿಜಯಶ್ರೀ ಹಾಲಾಡಿ ಅವರ "ಸೂರಕ್ಕಿ ಗೇಟ್" (2023), ಕೃಷ್ಣಮೂರ್ತಿ ಬಿಳಿಗೆರೆ ಅವರ "ಛೂಮಂತ್ರಯ್ಯನ ಕಥೆಗಳು" (2024), ಕೆ. ಶಿವಲಿಂಗಪ್ಪ ಹಂದಿಹಾಳ ಅವರ "ನೋಟ್‌ಬುಕ್" (2025) ಈ ಪುರಸ್ಕಾರ ಪಡೆದಿವೆ. ಈ ಪಟ್ಟಿಯಲ್ಲಿ ನಮಗೆ ಹೆಚ್ಚು ಸಂತೋಷ ಕೊಡುವ ಸಂಗತಿ ಎಂದರೆ ಧಾರವಾಡ, ಸಿದ್ದಾಪುರ, ಕುಂದಾಪುರ, ಬಳ್ಳಾರಿ ಕಡೆಯ ಬರಹಗಾರರು ಸಾಲಾಗಿ ನಿಂತಿರುವುದು. ಬೆಂಗಳೂರಿನ ಮಗುವಿಗೆ ಇಡೀ ಕರ್ನಾಟಕ ಸಿಗುವುದು ಇಂಥ ಪುಸ್ತಕಗಳಲ್ಲಿ.

ಆದರೆ ಪ್ರಶಸ್ತಿಯ ಹೆಸರು ನೋಡಿ ಪುಸ್ತಕ ತರುವಾಗ ಒಂದು ತೊಡಕು ಇದೆ. ಕೆಲವು ವರ್ಷ ಪುರಸ್ಕಾರ ಒಂದು ಪುಸ್ತಕಕ್ಕೆ ಬಂದಿದ್ದರೆ ಇನ್ನು ಕೆಲವು ವರ್ಷ ಲೇಖಕರ ಒಟ್ಟಾರೆ ಕೊಡುಗೆಗೆ ಬಂದಿದೆ. ಪಳಕಳ ಸೀತಾರಾಮ ಭಟ್ಟರಿಗೆ, ಎಚ್.ಎಸ್. ವೆಂಕಟೇಶಮೂರ್ತಿಯವರಿಗೆ ಬಂದದ್ದು ಹೀಗೆ. ಅಂಥ ಲೇಖಕರ ಯಾವುದೋ ಒಂದು ಪುಸ್ತಕದ ಮೇಲೆ "ಪ್ರಶಸ್ತಿ ಪುರಸ್ಕೃತ ಲೇಖಕರ ಕೃತಿ" ಎಂದು ಅಚ್ಚು ಹಾಕಿದ್ದರೆ ಆ ಪುಸ್ತಕವನ್ನೇ ತೀರ್ಪುಗಾರರು ಆರಿಸಿದರು ಎಂದಲ್ಲ. ವೆಂಕಟೇಶಮೂರ್ತಿಯವರನ್ನು ಮಗುವಿಗೆ ಪರಿಚಯಿಸಬೇಕು ಎಂದಿದ್ದರೆ ನಮ್ಮ ಆಯ್ಕೆ "ಅಳಿಲು ರಾಮಾಯಣ" ನಾಟಕ. ಇನ್ನು ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳಲ್ಲೂ ಮಕ್ಕಳ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗ ಇದೆ. ಅಲ್ಲಿ ಬಹುಮಾನ ಬಂದ ಪುಸ್ತಕಗಳ ಸದ್ದು ಕಡಿಮೆ, ಆದರೆ ಗ್ರಂಥಾಲಯಕ್ಕೆ ಪುಸ್ತಕ ಆರಿಸುವವರು ಆ ಪಟ್ಟಿಯನ್ನು ಬಿಡಬಾರದು.

ಪ್ರಶಸ್ತಿ ಕೊಡುವವರು ದೊಡ್ಡವರು. ಅವರು ನೋಡುವುದು ಭಾಷೆಯ ಹೊಸತನ, ವಸ್ತುವಿನ ಗಂಭೀರತೆ, ಹೇಳುವ ರೀತಿ. ಮಗು ನೋಡುವುದು ಮುಂದೇನಾಯಿತು ಎಂದು. ಒಳ್ಳೆಯ ಪುಸ್ತಕದಲ್ಲಿ ಎರಡೂ ಕೂಡಿರುತ್ತವೆ, ಆದರೆ ಯಾವಾಗಲೂ ಅಲ್ಲ. ಇಂಗ್ಲಿಷಿನಲ್ಲೂ ಇದೇ ಕತೆ. 1922ರಿಂದ ಕೊಡುತ್ತಿರುವ ಅಮೆರಿಕದ ನ್ಯೂಬೆರಿ ಪದಕ 1953ರಲ್ಲಿ "ಸೀಕ್ರೆಟ್ ಆಫ್ ದಿ ಆಂಡೀಸ್" ಪುಸ್ತಕಕ್ಕೆ ಹೋಯಿತು. ಆ ವರ್ಷ ಎರಡನೇ ಸಾಲಿನ ಗೌರವಕ್ಕೆ ತೃಪ್ತಿಪಟ್ಟುಕೊಂಡದ್ದು "ಷಾರ್ಲಟ್ಸ್ ವೆಬ್". ಇವತ್ತು ಲೋಕದ ಮಕ್ಕಳು ಓದುತ್ತಿರುವುದು ಯಾವುದನ್ನು ಎಂದು ಹೇಳಬೇಕಾಗಿಲ್ಲ. ಆದ್ದರಿಂದ ಇಂಗ್ಲಿಷ್ ಪುಸ್ತಕ ಕೊಳ್ಳುವಾಗ ಮುಖಪುಟದ ಬಂಗಾರದ ಮುದ್ರೆಯಷ್ಟೇ (ಪದಕ ಗೆದ್ದದ್ದು) ಬೆಳ್ಳಿಯ ಮುದ್ರೆಗೂ (ಎರಡನೇ ಸಾಲಿನ ಗೌರವ) ಬೆಲೆ ಕೊಡಿ. ನ್ಯೂಬೆರಿ ಬರಹಕ್ಕೆ, 1938ರಲ್ಲಿ ಶುರುವಾದ ಕಾಲ್ಡಿಕಾಟ್ ಚಿತ್ರಗಳಿಗೆ. ಕಾಲ್ಡಿಕಾಟ್ ಮುದ್ರೆ ಇರುವ ಪುಸ್ತಕದಲ್ಲಿ ಓದುವುದಕ್ಕೆ ಕಡಿಮೆ ಇದ್ದರೆ ಅದು ಮೋಸವಲ್ಲ. 1956ರಿಂದ ಬಂದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಈಗ ಒಂದು ಪುಸ್ತಕಕ್ಕಲ್ಲ, ಲೇಖಕರ, ಚಿತ್ರಕಾರರ ಜೀವಮಾನದ ಕೆಲಸಕ್ಕೆ.

ನಾಲ್ಕರಿಂದ ಏಳು: ಇಲ್ಲಿ ಹಳೆಯದೇ ಮೇಲು

ಈ ವಯಸ್ಸಿಗೆ ನಮ್ಮ ತೀರ್ಪು ಸ್ಪಷ್ಟ. ಪದ್ಯಕ್ಕೆ ಹಳಬರು, ಚಿತ್ರಕ್ಕೆ ಹೊಸಬರು.

ಪಂಜೆ ಮಂಗೇಶರಾಯರ (1874–1937) "ಹಾವಿನ ಹಾಡು", "ಉದಯರಾಗ", ಜಿ.ಪಿ. ರಾಜರತ್ನಂ ಅವರ "ತುತ್ತೂರಿ", ದಿನಕರ ದೇಸಾಯಿಯವರ ಮಕ್ಕಳ ಪದ್ಯಗಳು ಇವತ್ತಿಗೂ ಯಾಕೆ ಸೋಲುವುದಿಲ್ಲ ಎಂದರೆ ಅವುಗಳ ಪ್ರಾಸ ಮತ್ತು ನಡೆ ನಾಲಿಗೆಗೆ ತಾನಾಗಿ ಹತ್ತುತ್ತವೆ. ಕಸ್ತೂರಿ ತುತ್ತೂರಿಯನ್ನು "ಕಾಸಿಗೆ" ಕೊಂಡ ಎಂದಾಗ ಮಗು ಕಾಸು ಎಂದರೇನು ಎಂದು ಕೇಳುತ್ತದೆ. ಹಳೆಯ ಕಾಲದ ಚಿಲ್ಲರೆ ದುಡ್ಡು ಎಂದು ಒಂದು ಮಾತು ಹೇಳಿ ಮುಂದೆ ಹೋಗಿ. ನಾಣ್ಯಗಳ ಇತಿಹಾಸ ಹೇಳಲು ಕೂತರೆ ಪದ್ಯದ ಓಟ ಅಲ್ಲೇ ನಿಂತಿತು. ಒಂದು ಪದ್ಯವನ್ನು ಒಂದೇ ದಿನ ಹತ್ತು ಸಲ ಹೇಳಿಸುವುದಕ್ಕಿಂತ ವಾರವಿಡೀ ದಿನಕ್ಕೆ ಎರಡು ಸಲ ಹೇಳುವುದು ಮೇಲು. ಬಾಯಿಗೆ ಬಂದ ಮೇಲೆ ಅದೇ ಪದ್ಯವನ್ನು ಅಚ್ಚಿನಲ್ಲಿ ತೋರಿಸಿದರೆ ಮಗು ಗೊತ್ತಿರುವ ಸಾಲಿನ ಮೇಲೆ ಬೆರಳಿಟ್ಟು ಓದಲು ಹೊರಡುತ್ತದೆ. ಅಕ್ಷರ ಕಲಿಕೆಗೆ ಇಷ್ಟು ಸುಲಭದ ದಾರಿ ಬೇರೆ ಇಲ್ಲ.

ಕೊಳ್ಳುವಾಗ ಎಚ್ಚರ ಇರಲಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆಯವರ ಬರಹ ಹಾಗೆ ಎಲ್ಲರ ಸ್ವತ್ತಾಗಿ ಬಹಳ ಕಾಲ ಆಯಿತು, ಯಾರು ಬೇಕಾದರೂ ಅಚ್ಚು ಹಾಕಬಹುದು. ಹೀಗಾಗಿ ರಸ್ತೆ ಬದಿಯಲ್ಲಿ ಸಿಗುವ "ಶಿಶುಗೀತೆಗಳು" ಪುಸ್ತಕಗಳಲ್ಲಿ ಸಾಲು ಬಿಟ್ಟುಹೋದ, ಪದ ತಪ್ಪಿದ, ಕವಿಯ ಹೆಸರೇ ಇಲ್ಲದ ಪದ್ಯಗಳು ಬೇಕಾದಷ್ಟು. ನಿಮಗೆ ಬಾಯಿಪಾಠ ಬರುವ ಒಂದು ಪದ್ಯದ ಪುಟ ತೆರೆದು ಹೋಲಿಸಿ. ಅದರಲ್ಲೇ ತಪ್ಪಿದ್ದರೆ ಉಳಿದವುಗಳ ಮೇಲೆ ನಂಬಿಕೆ ಬೇಡ.

ಗೋವಿನ ಹಾಡಿನ ಬಗ್ಗೆ ಪ್ರತ್ಯೇಕ ಮಾತು. ಪುಣ್ಯಕೋಟಿಯ ಕತೆಯನ್ನು ಎಲ್ಲರೂ ಎಳೆ ಮಕ್ಕಳಿಗೇ ಹೇಳುತ್ತಾರೆ, ಆದರೆ ತಾಯಿ ಕರುವನ್ನು ಬೀಳ್ಕೊಡುವ ಭಾಗಕ್ಕೆ ನಾಲ್ಕು ವರ್ಷದ ಮಗು ಬಿಕ್ಕಿ ಅಳುವುದುಂಟು, ಕೊನೆಗೆ ಹುಲಿ ಪ್ರಾಣ ಬಿಡುವುದೂ ಅದಕ್ಕೆ ಭಾರವೇ. ಕತೆ ತಿರುಚಿ ಹುಲಿಯನ್ನು ಬದುಕಿಸುವುದು ಬೇಡ. ಆರು ವರ್ಷದವರೆಗೆ ಕಾಯಿರಿ, ಹಗಲಿನಲ್ಲಿ ಓದಿ, ಮಲಗುವ ಹೊತ್ತಿಗೆ ಬೇಡ.

ಚಿತ್ರಪುಸ್ತಕದ ವಿಷಯಕ್ಕೆ ಬಂದರೆ ಹಳೆಯ ಮುದ್ರಣಗಳು ಹೊಸವಕ್ಕೆ ಸಾಟಿಯಾಗವು. ಬೆಂಗಳೂರಿನ ಪ್ರಥಮ್ ಬುಕ್ಸ್, ಚೆನ್ನೈನ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಇವುಗಳಲ್ಲಿ ಆರಿಸಿ. ಪ್ರಥಮ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳನ್ನು ಬಿಟ್ಟಿಯಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಲೂಬಹುದು. ಅಲ್ಲಿ ನಾಲ್ಕು ಹಂತ ಮಾಡಿದ್ದಾರೆ: ಮೊದಲನೆಯದು 250 ಪದದೊಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ನಾಲ್ಕನೆಯದು ಅದಕ್ಕಿಂತ ಉದ್ದ. ಆದರೆ ಒಂದನೇ ಹಂತ ಎಂದ ಮಾತ್ರಕ್ಕೆ ಕನ್ನಡದಲ್ಲಿ ಸುಲಭ ಎಂದು ತಿಳಿಯಬೇಡಿ. ಮೂಲ ಇಂಗ್ಲಿಷಿನಲ್ಲಿ ಸಣ್ಣ ಪದವಾಗಿದ್ದದ್ದು ಕನ್ನಡಕ್ಕೆ ಬರುವಾಗ ಮೂರು ಒತ್ತಕ್ಷರದ ಪದ ಆಗಿರಬಹುದು. ಮುದ್ರಿಸುವ ಮೊದಲು ನೀವೊಮ್ಮೆ ಓದಿ.

ಏಳರಿಂದ ಒಂಬತ್ತು: ಎರಡನ್ನೂ ಜೊತೆಗಿಡಿ

ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ" ಈ ವಯಸ್ಸಿನ ರಾಜ. ರಾಬರ್ಟ್ ಬ್ರೌನಿಂಗ್ ಕವಿಯ ಹ್ಯಾಮಲಿನ್ ಕತೆಯನ್ನು ತುಂಗೆಯ ದಡಕ್ಕೆ ತಂದು ನೆಟ್ಟ ಕಥನಗೀತೆ ಇದು. ಇಲಿಗಳು ಅಣ್ಣ, ತಮ್ಮ, ಅಪ್ಪ, ಅವ್ವ ಎಂದು ನೆಂಟಸ್ತಿಕೆ ಸಮೇತ ಸಾಲುಗಟ್ಟಿ ಬರುವ ಭಾಗವನ್ನು ಮಕ್ಕಳು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾರೆ. ಇದನ್ನು ಮೌನವಾಗಿ ಓದಲು ಕೊಟ್ಟರೆ ಅರ್ಧ ಸತ್ತಂತೆ. ಜೋರಾಗಿ ಓದಿ, ಇಲಿಗಳ ಸಾಲು ಬಂದಾಗ ವೇಗ ಹೆಚ್ಚಿಸಿ, ಜೋಗಿ ಕಿಂದರಿ ಬಾರಿಸುವಾಗ ನಿಧಾನಿಸಿ. ಇಲಿಗಳ ಕಾಟ ಮುಗಿದ ಕಡೆ ಒಮ್ಮೆ ನಿಲ್ಲಿಸಿ, ಗೌಡ ಮಾತಿಗೆ ತಪ್ಪಿದ ಕಡೆ ಇನ್ನೊಮ್ಮೆ ನಿಲ್ಲಿಸಿ ಮುಂದೇನಾಗಬಹುದು ಎಂದು ಕೇಳಿ. ಮಕ್ಕಳು ಬೆಟ್ಟದೊಳಗೆ ಹೋದ ಮೇಲೆ "ವಾಪಸ್ ಬರುವುದೇ ಇಲ್ಲವಾ?" ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಬರುವುದಿಲ್ಲ ಎಂದೇ ಹೇಳಿ. ಸುಖಾಂತ ಮಾಡಿದ ಸಂಕ್ಷಿಪ್ತ ಚಿತ್ರಪುಸ್ತಕಗಳು ಕಂಡರೆ ಬಿಟ್ಟುಬಿಡಿ. ಕೊಟ್ಟ ಮಾತಿಗೆ ತಪ್ಪಿದ್ದರ ಬೆಲೆ ಆ ಕೊನೆಯಲ್ಲೇ ಇರುವುದು.

ಇದೇ ಮಗು ತಾನಾಗಿ ಓದಲು "ಛೂಮಂತ್ರಯ್ಯನ ಕಥೆಗಳು", "ನೋಟ್‌ಬುಕ್" ಥರದ ಸಣ್ಣ ಕತೆಗಳ ಸಂಕಲನ ಹೊಂದುತ್ತದೆ. ಸಣ್ಣ ಕತೆಯ ಲಾಭ ಏನೆಂದರೆ ಒಂದು ಕೂತಿನಲ್ಲಿ ಒಂದು ಮುಗಿಯುತ್ತದೆ, ಮುಗಿಸಿದ ಹೆಮ್ಮೆ ಮಗುವಿಗೆ ಸಿಗುತ್ತದೆ. ಮೊದಲ ಕತೆ ಹಿಡಿಸದಿದ್ದರೆ ನಾಲ್ಕನೆಯದರಿಂದ ಶುರು ಮಾಡಲಿ, ಸಂಕಲನವನ್ನು ಮೊದಲಿನಿಂದಲೇ ಓದಬೇಕು ಎಂಬ ನಿಯಮ ಏನಿಲ್ಲ. ದಿನಾ ಮಲಗುವ ಮುಂಚೆ ಕತೆ ಹೇಳುವ ರೂಢಿ ಇರುವ ಮನೆಗೆ ಅನುಪಮಾ ನಿರಂಜನ ಅವರ "ದಿನಕ್ಕೊಂದು ಕಥೆ" ಹನ್ನೆರಡು ಸಂಪುಟಗಳು ಒಳ್ಳೆಯ ಆಸ್ತಿ. ಎಲ್ಲವನ್ನೂ ಒಟ್ಟಿಗೆ ಕೊಳ್ಳದೆ ಒಂದು ಸಂಪುಟ ತಂದು ನೋಡಿ.

ಒಂಬತ್ತರಿಂದ ಹನ್ನೆರಡು: ಪ್ರಶಸ್ತಿ ಕೃತಿಗಳ ಹೊತ್ತು

ಹೊಸ ಕಾದಂಬರಿಗಳು ತಮ್ಮ ಶಕ್ತಿ ತೋರಿಸುವುದು ಇಲ್ಲಿ. "ಓಡಿ ಹೋದ ಹುಡುಗ", "ಬಾವಲಿ ಗುಹೆ", "ಸೂರಕ್ಕಿ ಗೇಟ್" ಮೂರೂ ಮಕ್ಕಳ ಕಾದಂಬರಿಗಳೇ. ಮೂರರಲ್ಲಿ ಯಾವುದು ಎಂಬುದಕ್ಕೆ ಮಗುವಿನ ಸ್ವಭಾವ ನೋಡಿ. ಹೊರಗೆ ಅಲೆಯುವ, ಹುಳ ಹುಪ್ಪಟೆ ಹಿಡಿಯುವ ಮಗುವಿಗೆ ತಮ್ಮಣ್ಣ ಬೀಗಾರ ಅಥವಾ ವಿಜಯಶ್ರೀ ಹಾಲಾಡಿ. ಇಬ್ಬರ ಬರಹದಲ್ಲೂ ಊರಿನ ಪಕ್ಕದಲ್ಲೇ ಕಾಡು, ಪ್ರಾಣಿ ಪಕ್ಷಿ ಇರುತ್ತವೆ. ಸ್ಕೂಲು, ಮನೆ, ಸ್ನೇಹಿತರ ಜಗಳ, ಬೇಸರ ಇಂಥವನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಮಗುವಿಗೆ ಬಸು ಬೇವಿನಗಿಡದ.

ಆಯಾ ಸೀಮೆಯ ಮಾತು ಬಂದಾಗ ಬೇರೆ ಕಡೆಯ ಮಗು ಮೊದಲ ಹತ್ತು ಪುಟ ಮುಗ್ಗರಿಸುವುದು ಸಹಜ. ಆ ಹತ್ತು ಪುಟವನ್ನು ನೀವು ಜೋರಾಗಿ ಓದಿ ಕೊಡಿ. ಧಾರವಾಡದ ಮಾತಾಗಲಿ ಕುಂದಾಪುರದ ಮಾತಾಗಲಿ ಕಣ್ಣಿಗೆ ಕಷ್ಟ ಅನಿಸಿದರೂ ಕಿವಿಗೆ ಬೇಗ ಒಗ್ಗುತ್ತದೆ, ಆಮೇಲೆ ಮಗು ತಾನೇ ಮುಂದುವರಿಸುತ್ತದೆ.

ಈ ವಯಸ್ಸಿನ ಹಳೆಯ ಮೇರುಕೃತಿ ಎಂದು ಶಿವರಾಮ ಕಾರಂತರ "ಬಾಲ ಪ್ರಪಂಚ"ವನ್ನು ಹೇಳುವವರಿದ್ದಾರೆ. 1936ರಲ್ಲಿ ಮೂರು ಸಂಪುಟಗಳಲ್ಲಿ, ಒಬ್ಬರೇ ಕೂತು ಮಕ್ಕಳಿಗಾಗಿ ಕನ್ನಡದಲ್ಲಿ ವಿಶ್ವಕೋಶ ಬರೆದದ್ದು ಬೆರಗಿನ ಕೆಲಸ. ಗ್ರಂಥಾಲಯದಲ್ಲಿ ಸಿಕ್ಕರೆ ಮಗುವಿನ ಜೊತೆ ಕೂತು ಪುಟ ತಿರುವಿ. ಆದರೆ ಶಾಲೆಯ ಪ್ರಾಜೆಕ್ಟಿಗೆ ಮಾಹಿತಿ ತೆಗೆಯಲು ಅದನ್ನು ಕೊಡಬೇಡಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಮೂವತ್ತಮೂರು ವರ್ಷ ಮೊದಲಿನ ಪುಸ್ತಕ ಅದು. ವಿಜ್ಞಾನ, ಭೂಗೋಳದ ಪುಸ್ತಕಗಳಿಗೆ ಹಳೆಯದು ಮೇಲು ಎಂಬ ಮಾತು ನಡೆಯದು, ಮುದ್ರಣದ ವರ್ಷ ನೋಡಿಯೇ ಕೊಳ್ಳಬೇಕು. ಜೀವನಚರಿತ್ರೆ ಬೇಕೆಂದವರಿಗೆ ಎಲ್.ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದ "ಭಾರತ ಭಾರತಿ" ಮಾಲೆಯ 510 ಕಿರುಪುಸ್ತಕಗಳಲ್ಲಿ ಒಂದೊಂದಾಗಿ ಆರಿಸಬಹುದು. ಬೋಳುವಾರು ಅವರ ಗಾಂಧಿ ಕತೆ ಅವಕ್ಕಿಂತ ವಿಸ್ತಾರ. ಎರಡನ್ನೂ ಹೋಲಿಸಿದರೆ ಕತೆಯಾಗಿ ಓದಿಸಿಕೊಳ್ಳುವುದು ಬೋಳುವಾರು ಅವರದು, ಭಾಷಣಕ್ಕೆ ತಯಾರಾಗಲು ಬೇಗ ಕೈಗೆ ಬರುವುದು ಭಾರತ ಭಾರತಿ.

ಅನುವಾದಗಳಲ್ಲಿ ನಾವು ಎಲ್ಲರಿಗೂ ಹೇಳುವ ಒಂದು ಪುಸ್ತಕ "ತೊತ್ತೋ ಚಾನ್". ತೆತ್ಸುಕೊ ಕುರೊಯನಗಿ 1981ರಲ್ಲಿ ಜಪಾನಿನಲ್ಲಿ ಪ್ರಕಟಿಸಿದ ಇದು ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಕನ್ನಡಕ್ಕೂ ಬಂದಿದೆ. ರೈಲು ಡಬ್ಬಿಗಳೇ ತರಗತಿಯಾದ ಶಾಲೆ, ಹೊಸದಾಗಿ ಸೇರಲು ಬಂದ ಪುಟ್ಟ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುವ ಹೆಡ್ಮಾಸ್ಟರ್ ಕೊಬಾಯಾಶಿ: ಆ ಅಧ್ಯಾಯ ಓದಿದ ಮಗು ಪುಸ್ತಕ ಬಿಡುವುದಿಲ್ಲ. ಅಧ್ಯಾಯಗಳು ಎರಡು ಮೂರು ಪುಟದವು, ನಿಧಾನ ಓದುಗರಿಗೂ ಭಯವಿಲ್ಲ. ಕೊನೆಯ ಕಡೆಗೆ ಒಬ್ಬ ಸ್ನೇಹಿತನ ಸಾವು, ಯುದ್ಧದಲ್ಲಿ ಶಾಲೆ ಸುಟ್ಟುಹೋಗುವುದು ಬರುತ್ತದೆ, ಆ ಹೊತ್ತಿಗೆ ನೀವು ಹತ್ತಿರ ಇರಿ. ಬೇರೆ ಅನುವಾದಗಳನ್ನು ಕೊಳ್ಳುವ ಮುಂಚೆ ಮಾತುಕತೆ ಇರುವ ಒಂದು ಪುಟ ತೆರೆದು ಜೋರಾಗಿ ಓದಿ. ಪಾತ್ರಗಳು ಕನ್ನಡದ ಮಕ್ಕಳು ಮಾತಾಡುವ ಹಾಗೆ ಮಾತಾಡಿದರೆ ತೆಗೆದುಕೊಳ್ಳಿ. ಅನುವಾದ ಎಷ್ಟು ಸ್ವತಂತ್ರವಾಗಿರಬಹುದು ಎಂಬುದಕ್ಕೆ ನಾ. ಕಸ್ತೂರಿಯವರು ಲೂಯಿಸ್ ಕ್ಯಾರಲ್‌ನ "ಆಲಿಸ್ ಇನ್ ವಂಡರ್‌ಲ್ಯಾಂಡ್" ಕತೆಯನ್ನು "ಪಾತಾಳದಲ್ಲಿ ಪಾಪಚ್ಚಿ" ಮಾಡಿದ್ದು ಒಳ್ಳೆಯ ಮಾದರಿ.

ನಾಟಕಗಳನ್ನು ಯಾರೂ ಶಿಫಾರಸು ಮಾಡುವುದಿಲ್ಲ, ಇದು ದೊಡ್ಡ ನಷ್ಟ. ಓದಿನಲ್ಲಿ ಹಿಂದೆ ಬಿದ್ದ ಹತ್ತು ವರ್ಷದ ಮಗುವಿಗೆ ನಾಟಕಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಒಂದು ಸಲಕ್ಕೆ ಓದಬೇಕಾದದ್ದು ಒಂದೆರಡು ಸಾಲು, ಮುಂದಿನ ಸರದಿ ಬರುವವರೆಗೆ ಉಸಿರಾಡಲು ಸಮಯ, ತಪ್ಪಿದರೂ ನಗುವಿನಲ್ಲಿ ಮುಚ್ಚಿಹೋಗುತ್ತದೆ. ಕುವೆಂಪು ಅವರ "ನನ್ನ ಗೋಪಾಲ", "ಮೋಡಣ್ಣನ ತಮ್ಮ", ಷೇಕ್ಸ್‌ಪಿಯರನ "ಟೆಂಪೆಸ್ಟ್" ಆಧರಿಸಿ ವೈದೇಹಿ ಬರೆದ "ಧಾಂ ಧೂಂ ಸುಂಟರಗಾಳಿ" ಇವುಗಳಲ್ಲಿ ಒಂದನ್ನು ತಂದು ನಾಲ್ಕೈದು ಮಕ್ಕಳಿಗೆ ಪಾತ್ರ ಹಂಚಿ. ಎಲ್ಲರಿಗೂ ಸೇರಿ ಕನಿಷ್ಠ ಎರಡು ಪ್ರತಿ ಬೇಕು, ಒಂದೇ ಪ್ರತಿ ಇದ್ದರೆ ಕಿತ್ತಾಟದಲ್ಲೇ ಸಮಯ ಹೋಗುತ್ತದೆ. ಅತಿ ನಾಚಿಕೆಯ ಮಗುವಿಗೆ ಮೊದಲ ದಿನ ಗುಂಪಿನ ಮಾತುಗಳನ್ನು ಕೊಡಿ.

ಹನ್ನೆರಡು ದಾಟಿದ ಮೇಲೆ

ಈಗ ಮಕ್ಕಳ ಪುಸ್ತಕ ಎಂದರೆ ಅವರೇ ಮೂಗು ಮುರಿಯುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರನ್ನು ಕೊಡುವ ಕಾಲ ಇದು. ಅವರ "ಪರಿಸರದ ಕತೆ" ಮಕ್ಕಳಿಗೆಂದು ಬರೆದದ್ದಲ್ಲ, ಆದರೂ ಕಿವಿ ಎಂಬ ನಾಯಿ, ಮಾರ, ಪ್ಯಾರ ಇವರೆಲ್ಲ ಹದಿಮೂರರ ಹುಡುಗ ಹುಡುಗಿಯರನ್ನು ಒಂದೇ ದಿನದಲ್ಲಿ ಹಿಡಿದುಬಿಡುತ್ತಾರೆ. ಎಲ್ಲರೂ ಮಾಡುವ ತಪ್ಪು ನೇರವಾಗಿ "ಕರ್ವಾಲೊ" ಕೊಡುವುದು. 1980ರ ಆ ಕಾದಂಬರಿ ಜೇನಿನಿಂದ ಶುರುವಾಗಿ ನಿಧಾನವಾಗಿ ಹಾರುವ ಓತಿಯ ಕಡೆ ಹೊರಳುತ್ತದೆ. ಆ ನಿಧಾನ ತಾಳಿಕೊಳ್ಳಲು ತೇಜಸ್ವಿಯವರ ದನಿ ಮೊದಲೇ ಪರಿಚಯ ಇರಬೇಕು. "ಪರಿಸರದ ಕತೆ" ಮೊದಲು, "ಏರೋಪ್ಲೇನ್ ಚಿಟ್ಟೆ" ಆಮೇಲೆ, "ಕರ್ವಾಲೊ" ಮೂರನೆಯದು: ಈ ಕ್ರಮ ಕೈಕೊಡುವುದು ಕಡಿಮೆ.

ಪುಸ್ತಕವನ್ನೇ ಮುಟ್ಟದ ಹುಡುಗರಿಗೆ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಾಡಿನ ಕತೆಗಳು ಮದ್ದು. ಮಾಗಡಿ, ಜಾಲಹಳ್ಳಿಯಂಥ ಪರಿಚಯದ ಹೆಸರು ಬಂದಾಗ ಕುತೂಹಲ ಇಮ್ಮಡಿ. ರಕ್ತ, ಬೇಟೆ ಧಾರಾಳ ಇರುವುದರಿಂದ ಹನ್ನೊಂದಕ್ಕಿಂತ ಚಿಕ್ಕವರಿಗೆ ಬೇಡ. ಬೇಟೆ ಅಂದಿನ ಕಾಲದ್ದು, ಇಂದು ಕಾನೂನು ಬೇರೆ ಎಂಬ ಒಂದು ಮಾತನ್ನೂ ಹೇಳಿಡಿ.

ಇದಕ್ಕೆ ಎದುರಾಗಿ ಪ್ರಶಸ್ತಿಯ ಸಾಲಿನಿಂದ ನಾ. ಡಿಸೋಜ ಅವರ "ಮುಳುಗಡೆಯ ಊರಿಗೆ ಬಂದವರು". ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಪಾಡು ಡಿಸೋಜ ಅವರ ಬರಹದಲ್ಲಿ ಜೀವಮಾನವಿಡೀ ಹರಿದ ವಸ್ತು. ರೋಚಕತೆ ಬೇಕೆನ್ನುವವರಿಗೆ ಆಂಡರ್ಸನ್, ಪ್ರಶ್ನೆ ಕೇಳುವವರಿಗೆ ಡಿಸೋಜ. ಲೋಕದ ಕತೆಗಳ ಹಸಿವು ಇದ್ದವರಿಗೆ ನಿರಂಜನರು ಸಂಪಾದಿಸಿದ 25 ಸಂಪುಟಗಳ "ವಿಶ್ವ ಕಥಾ ಕೋಶ" ಗ್ರಂಥಾಲಯದಲ್ಲಿ ಕಾಯುತ್ತಿರುತ್ತದೆ.

ಎಲ್ಲಿ ಎಡವುತ್ತೇವೆ

ಹುಟ್ಟುಹಬ್ಬಕ್ಕೆ ಹತ್ತು ಪುಸ್ತಕದ ಕಟ್ಟು ಕೊಡುವುದು. ಮಗು ಎಲ್ಲದರ ಮುಖಪುಟ ನೋಡಿ ಒಂದನ್ನೂ ಓದುವುದಿಲ್ಲ. ಮೂರು ಮುಂದಿಟ್ಟು ಒಂದನ್ನು ಆರಿಸಿಕೋ ಎನ್ನಿ, ಮೂರರಲ್ಲಿ ಒಂದಾದರೂ ಅದರ ಓದಿನ ಮಟ್ಟಕ್ಕಿಂತ ಸುಲಭದ್ದಿರಲಿ.

ಓದಿ ಮುಗಿಸಿದ ಕೂಡಲೇ "ಇದರ ನೀತಿ ಏನು?" ಎಂದು ಕೇಳುವುದು. ಕತೆ ಅಲ್ಲಿಗೆ ಪಾಠವಾಯಿತು. ಕೇಳಲೇಬೇಕಾದರೆ ಯಾವ ಪಾತ್ರದ ಮೇಲೆ ಸಿಟ್ಟು ಬಂತು ಎಂದು ಕೇಳಿ.

ಪುಸ್ತಕವನ್ನು ಹೊಗಳಿ ಕೊಡುವುದು. "ತುಂಬಾ ಒಳ್ಳೆಯ ಪುಸ್ತಕ, ಪ್ರಶಸ್ತಿ ಬಂದಿದೆ" ಎಂದರೆ ಮಗುವಿಗೆ ಔಷಧಿಯ ವಾಸನೆ ಹೊಡೆಯುತ್ತದೆ. ಹೊಗಳುವ ಬದಲು ಎರಡು ಪುಟ ಓದಿ, ಸರಿಯಾಗಿ ಕುತೂಹಲ ಏರಿದ ಕಡೆ ಮುಚ್ಚಿ, ಪುಸ್ತಕವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ. ಇಪ್ಪತ್ತು ಪುಟದ ಮೇಲೂ ಹಿಡಿಸದಿದ್ದರೆ ಬಿಡಲು ಒಪ್ಪಿಗೆ ಕೊಡಿ, ಬೈಗುಳ ಬೇಡ.

ಹಳೆಯ ಪುಸ್ತಕಗಳಲ್ಲಿ ಜಾತಿ, ಮೈಬಣ್ಣ, ಅಂಗವಿಕಲತೆ, ಹೆಣ್ಣುಮಕ್ಕಳ ಬಗ್ಗೆ ಇಂದು ಒಪ್ಪಲಾಗದ ಮಾತು ಬರುವುದುಂಟು. ಓದಿ ಹೇಳುವಾಗ ಕಂಡರೆ ನಿಲ್ಲಿಸಿ, "ಆಗ ಹೀಗೆ ಅನ್ನುತ್ತಿದ್ದರು, ಅದು ತಪ್ಪು" ಎಂದು ಹೇಳಿ ಮುಂದುವರಿಯಿರಿ. ಮಗು ಒಂಟಿಯಾಗಿ ಓದುವ ಪುಸ್ತಕದಲ್ಲಿ ಇಂಥದ್ದು ಹೆಚ್ಚಿದ್ದರೆ ಆ ಪುಸ್ತಕವನ್ನು ಇನ್ನೆರಡು ವರ್ಷ ತಡೆಯಿರಿ.

ಹೊರನಾಡಿನ, ಹೊರದೇಶದ ಕನ್ನಡ ಮಕ್ಕಳಿಗೆ

ಪುಣೆಯಲ್ಲಿರಲಿ ಡಲ್ಲಾಸಿನಲ್ಲಿರಲಿ, ಮನೆಯಲ್ಲಿ ಕನ್ನಡ ಮಾತಾಡಿ ಓದಲು ಈಗಷ್ಟೇ ಕಲಿಯುತ್ತಿರುವ ಹನ್ನೊಂದರ ಮಗುವಿಗೆ ಪುಸ್ತಕ ಆರಿಸುವುದೇ ಎಲ್ಲಕ್ಕಿಂತ ಕಷ್ಟ. ಅಕ್ಷರದ ಮಟ್ಟ ಎರಡನೇ ತರಗತಿಯದು, ಮನಸ್ಸು ಏಳನೇ ತರಗತಿಯದು. ಎಳೆ ಮಕ್ಕಳ ಚಿತ್ರಪುಸ್ತಕ ಕೊಟ್ಟರೆ ಅವಮಾನ, ಕಾದಂಬರಿ ಕೊಟ್ಟರೆ ಸೋಲು. ಇಂಥವರಿಗೆ ಪ್ರಾಣಿಗಳ, ವಿಜ್ಞಾನದ, ನಿಜ ಘಟನೆಗಳ ಸಚಿತ್ರ ಪುಸ್ತಕಗಳನ್ನು ಸ್ಟೋರಿವೀವರಿನ ಎರಡು ಮೂರನೇ ಹಂತದಲ್ಲಿ ಹುಡುಕಿ. ಅವುಗಳಲ್ಲಿ ಮಾತು ಸರಳ, ವಿಷಯ ಎಳಸಲ್ಲ. ತೂಲಿಕಾದ ಕನ್ನಡ ಇಂಗ್ಲಿಷ್ ಜೋಡಿ ಪುಸ್ತಕಗಳನ್ನು ಕೊಡುವುದಾದರೆ ಮೊದಲ ಓದಿಗೆ ಇಂಗ್ಲಿಷ್ ಸಾಲುಗಳ ಮೇಲೆ ಒಂದು ಕಾಗದದ ಪಟ್ಟಿ ಇಡಿ. ಇಲ್ಲದಿದ್ದರೆ ಕಣ್ಣು ಸುಲಭದ ಕಡೆಗೇ ಓಡುತ್ತದೆ. ಕಿಂದರಿಜೋಗಿಯನ್ನೂ ಪಂಜೆಯವರನ್ನೂ ಇವರಿಗೆ ಬಾಯಲ್ಲೇ ದಾಟಿಸಿ. ಊರಿನಲ್ಲಿರುವ ಅಜ್ಜಿ ತಾತ ವಾರಕ್ಕೊಂದು ಪದ್ಯ ಓದಿ ಧ್ವನಿಮುದ್ರಿಸಿ ವಾಟ್ಸಾಪಿನಲ್ಲಿ ಕಳಿಸಿದರೆ ಆಯಿತು. ಐದು ನಿಮಿಷ ಮೀರದಂತೆ ನೋಡಿಕೊಳ್ಳಿ, ಪುಟದ ಫೋಟೋವನ್ನೂ ಜೊತೆಗೆ ಕಳಿಸಿ. ಮಗು ಕೇಳುತ್ತಾ ಸಾಲಿನ ಮೇಲೆ ಬೆರಳು ಓಡಿಸಲಿ.

ಪ್ರಶಸ್ತಿ ಬಂದ ಪುಸ್ತಕ ಅಂಗಡಿಯಲ್ಲಿ ಸಿಗದಿರುವುದು ಅಪರೂಪವೇನಲ್ಲ. ಮಕ್ಕಳ ಪುಸ್ತಕಗಳನ್ನು ಸಣ್ಣ ಪ್ರಕಾಶಕರು ಕಡಿಮೆ ಪ್ರತಿ ಅಚ್ಚು ಹಾಕಿರುತ್ತಾರೆ, ಪುರಸ್ಕಾರ ಘೋಷಣೆಯಾದ ತಿಂಗಳಲ್ಲೇ ಮುಗಿದುಹೋಗುತ್ತವೆ. ಘೋಷಣೆಯ ಸುದ್ದಿ ಬಂದ ವಾರವೇ ಪ್ರಕಾಶಕರಿಗೆ ಫೋನ್ ಮಾಡಿ ಹೇಳಿಡಿ, ಮರುಮುದ್ರಣ ಯಾವಾಗ ಎಂದು ಕೇಳಿ. ನಿಮ್ಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರಿಗೂ ಪುಸ್ತಕ, ಲೇಖಕ, ಪ್ರಕಾಶಕರ ಹೆಸರು ಬರೆದ ಚೀಟಿ ಕೊಡಿ. ಬೆಂಗಳೂರಿನವರು ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯಕ್ಕೆ ಮಗುವನ್ನೇ ಕರೆದುಕೊಂಡು ಹೋಗಿ, ಕಪಾಟಿನ ಮುಂದೆ ಅರ್ಧ ಗಂಟೆ ಅದರ ಪಾಡಿಗೆ ಬಿಟ್ಟುಬಿಡಿ.